ಎರೆಮಣ್ಣಿಗೆ ಕಿವಿಗೊಟ್ಟ ಕಾಕಾ

ಮೊನ್ನೆ ನೇಸರಗಿಯ ಗೊಬ್ಬರದಂಗಡಿಯಲ್ಲಿ ಹ್ಯೂಮಿಕ್ ದ್ರಾವಣದ ಡಬ್ಬಿ ಸೋರಿ ಟೇಬಲ್ಲಿನ ತುಂಬ ಕರ್ರಗೆ ಹರಿದಿತ್ತು. ಅಂಗಡಿಯವರು ಬೈಯುತ್ತ ಒರೆಸುತ್ತಿದ್ದರು, ನಾನು ಹುಚ್ಚಿಯಂತೆ ನಗುತ್ತ ನಿಂತಿದ್ದೆ. ಆ ಕಪ್ಪಿಗಾಗಿ ಒಂದು ಕಾಲಕ್ಕೆ ಅತ್ತವಳು ನಾನು...

ಬೈಲಹೊಂಗಲದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮಣ್ಣಿನಿಂದ ಹ್ಯೂಮಸ್ ಎಂಬ ಕಪ್ಪು ಸತ್ವ ಬಿಡಿಸಲು ಕಾಸ್ಟಿಕ್ ಸೋಡಾ ಮೇಲೋ, ಪೈರೋಫಾಸ್ಫೇಟ್ ಎಂಬ ಲವಣ ಮೇಲೋ ಎಂಬುದು ನನ್ನ ಪ್ರಾಜೆಕ್ಟು; ಸತ್ವ ಬಿಟ್ಟಷ್ಟೂ ದ್ರಾವಣ ಕಪ್ಪಾಗಬೇಕು. ಸೋಡಾನೇ ಹೆಚ್ಚು ಬಿಡಿಸುತ್ತದೆ ಎಂದು ಪುಸ್ತಕಗಳು ಹೇಳುತ್ತಿದ್ದವು. ನನ್ನ ಸೀಸೆಯಲ್ಲಿ ಮಾತ್ರ ಅದು ನೀರು ಚಹಾದಂತಿತ್ತು. ನಿನ್ನ ಕೈಯೇ ಸರಿಯಿಲ್ಲ, ನಾಲ್ಕು ದಿನದಲ್ಲಿ ಸರಿಮಾಡದಿದ್ದರೆ ಈ ವರ್ಷ ಪರೀಕ್ಷೆಗೆ ಕೂರಬೇಡ ಎಂದುಬಿಟ್ಟರು ಗೈಡ್ ಸರ್.

ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕಾಕಾ ಒಬ್ಬರಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಯಾವ ಮಣ್ಣು ಬಂದರೂ ಹೆಂಟೆಗೆ ಒಂದು ಹನಿ ಆ್ಯಸಿಡ್ ಹಾಕಿ, ಅದು ಚುರುಗುಟ್ಟುವುದನ್ನು ಕೇಳಲು ಕಿವಿಯ ಹತ್ತಿರ ಹಿಡಿಯುತ್ತಿದ್ದರು. ನಾವು ಹುಡುಗಿಯರು ಮುಸಿಮುಸಿ ನಗುತ್ತಿದ್ದೆವು. ಅಂದು ನನ್ನ ನೇಸರಗಿ ಎರೆಮಣ್ಣಿನ ಹೆಂಟೆಯನ್ನೂ ಹಾಗೇ ಹಿಡಿದರು.

“ಸುಣ್ಣ ಭಾಳ ಐತಿ, ತಂಗಿ. ಸುಣ್ಣ ಗಟ್ಟಿ ಹಿಡಕೊಂಡು ಕುಂತೈತಿ, ಸತ್ವ ಹೆಂಗ ಬಿಟ್ಟೀತು? ನಿನ್ನ ಸೋಡಾನ್ನ ಕೈ ಕಟ್ಟಿ ಕುಸ್ತಿಗಿ ಬಿಟ್ಟಂಗ ಆತು.”

“ಪುಸ್ತಕದಾಗ ಹಂಗ ಬರದಿಲ್ಲಲ್ರಿ ಕಾಕಾ.”

“ಪುಸ್ತಕ ಬರದಾಂವ ನೇಸರಗಿ ಮಣ್ಣು ನೋಡ್ಯಾನೇನು?”

ತೆಳು ಆ್ಯಸಿಡ್‌ನಲ್ಲಿ ಮಣ್ಣು ತೊಳೆಯುತ್ತ ಹೋದೆ. ಚುರುಚುರು ಸದ್ದು ಪೂರ್ತಿ ನಿಂತಿತೆಂದು ಕಾಕಾ ಕಿವಿಯಿಂದಲೇ ಹೇಳಿದ ಮೇಲೆ ನೀರಿನಲ್ಲಿ ತೊಳೆದು, ಸೋಡಾ, ಪೈರೋಫಾಸ್ಫೇಟ್ ಎರಡೂ ಸೀಸೆಗೆ ಅದೇ ಮಣ್ಣು ಹಾಕಿದೆ. ಮರುದಿನ ಸೋಡಾ ಸೀಸೆ ಕಾಡಿಗೆ ಕಪ್ಪು! ಪೈರೋಫಾಸ್ಫೇಟ್ ಹಿಂದೆ ಬಿದ್ದಿತ್ತು. ನಾನು ಕೂಗಿದ ಕೂಗಿಗೆ ಪಕ್ಕದ ತರಗತಿಯವರು ಓಡಿಬಂದರು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಆ ಕಪ್ಪಿಗೆ ತಾವೇ ಆ್ಯಸಿಡ್ ಸುರಿದರು. ಕಂದು ಚೂರುಗಳು ತಳಕ್ಕಿಳಿದವು, ಹ್ಯೂಮಸ್ಸಿನ ಸಾರವಾದ ಅಪ್ಪಟ ಹ್ಯೂಮಿಕ್ ಆಮ್ಲ. “ಮೊದಲ ಸುಣ್ಣ ತಗೀಬೇಕಂತ ಯಾರು ಹೇಳಿಕೊಟ್ರು?” ಎಂದರು. ಗೈಡ್ ಸರ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ಮೂಲೆಯಲ್ಲಿ ಸೀಸೆ ತೊಳೆಯುತ್ತಿದ್ದ ಕಾಕಾರ ಕಡೆ ಬೆರಳು ತೋರಿಸಿದೆ. ಪರೀಕ್ಷಕರು ಎದ್ದು ಅವರ ಹತ್ತಿರ ಹೋದರು.

“ನಮಗೂ ಒಂದೀಟು ಕೇಳಸ್ರಿ.”

ಕೋಟು ತೊಟ್ಟ ಆ ದೊಡ್ಡ ಮನುಷ್ಯರು ಬಗ್ಗಿ, ಕಾಕಾ ಆ್ಯಸಿಡ್ ಹನಿಸಿ ಹಿಡಿದ ಹೆಂಟೆಗೆ ಕಿವಿ ಕೊಟ್ಟರು. ಅವರ ಹಿಂದೆ ಗೈಡ್ ಸರ್ ಕೂಡ! ನನಗೆ ಮೊದಲ ದರ್ಜೆ ಬಂತು. ಆದರೆ ಅಂದಿನಷ್ಟು ಹಿಗ್ಗು ಆ ಅಂಕಪಟ್ಟಿ ಕೈಗೆ ಬಂದ ದಿನವೂ ಆಗಲಿಲ್ಲ.

ಕಾಕಾ ಹೋದ ವರ್ಷ ತೀರಿಕೊಂಡರಂತೆ, ನನಗೆ ತಡವಾಗಿ ತಿಳಿಯಿತು. ಅಂಗಡಿಯಿಂದ ಬಂದವಳೇ ಹಳೆಯ ಪ್ರಬಂಧ ತೆಗೆದು ನೋಡಿದೆ. ಕೃತಜ್ಞತೆಯ ಪುಟದಲ್ಲಿ ಗೈಡ್ ಸರ್ ಇದ್ದಾರೆ, ಪ್ರಾಚಾರ್ಯರಿದ್ದಾರೆ, ಟೈಪು ಮಾಡಿಕೊಟ್ಟವರೂ ಇದ್ದಾರೆ. ಕಾಕಾ ಇಲ್ಲ. ಬರೆಯಬೇಕೆಂದು ಆಗ ನನಗೆ ಹೊಳೆದೇ ಇರಲಿಲ್ಲ.