ನೆಲ ಬಡಿದು ಕೇಳುವ ಮಾಲತೇಶಪ್ಪ

ಬ್ಯಾಡಗಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ವಕೀಲ ಅಣ್ಣಾಜಿಯವರ ಮನೆಯಂಗಳದಲ್ಲಿ ಐವತ್ತರ ಆಸುಪಾಸಿನ ಮನುಷ್ಯರೊಬ್ಬರು ಕುಕ್ಕರಗಾಲಲ್ಲಿ ಕೂತು ಕಬ್ಬಿಣದ ಹಾರೆಯಿಂದ ನೆಲ ಬಡಿಯುತ್ತಿದ್ದಾರೆ. ಒಂದು ಸಲ ಬಡಿಯುವುದು, ತಲೆ ಓರೆ ಮಾಡಿ ಕೇಳುವುದು, ಒಂದು ಗೇಣು ಆಚೆ ಸರಿಯುವುದು. ಪಕ್ಕದಲ್ಲಿ ವಕೀಲರ ಬಿಳಿ ಫಿಯೆಟ್ ನಿಂತಿದೆ. ಕರೆಸಿದ್ದು ಕಾರಿನ ಕೆಲಸಕ್ಕೋ ಬಾವಿ ತೋಡಲಿಕ್ಕೋ ಎಂದು ವಕೀಲರಿಗೇ ಅನುಮಾನ ಬಂದಂತಿದೆ.

"ಮಾಲತೇಶಪ್ಪ, ನೀ ಬಂದು ಅರ್ಧಾ ತಾಸಾತು. ಇನ್ನೂ ಗಾಡಿ ಮುಟ್ಟಿಲ್ಲಲ್ಲೋ ಮಾರಾಯಾ."

"ಗಾಡಿ ಎಲ್ಲಿ ಓಡಿ ಹೊಕ್ಕೈತ್ರಿ? ಮದಲ ನೆಲಾ ಏನಂತೈತಿ ಕೇಳೂಣು, ತಡೀರಿ."

ರಾಣೆಬೆನ್ನೂರಿನ ಮಾಲತೇಶಪ್ಪನವರಿಗೆ ಗ್ಯಾರೇಜಿಲ್ಲ, ಬೋರ್ಡಿಲ್ಲ. ಕಾರಿನ ಸಣ್ಣಪುಟ್ಟ ರಿಪೇರಿಯನ್ನು ತಮ್ಮ ಕೈಯಾರೆ ಮಾಡಿಕೊಳ್ಳುವ ಹುರುಪಿನ ವಕೀಲರು, ಡಾಕ್ಟರು, ದಲಾಲರು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಲ್ಲಿ ಬೇಕಾದಷ್ಟಿದ್ದಾರೆ. ಅವರ ಮನೆಗೇ ಹೋಗಿ, ಕಾರಿನ ಹಿಂಭಾಗ ಎತ್ತಿ, ಬೀಳದಂತೆ ನಿಲ್ಲಿಸಿ, ಕೆಲಸ ಮುಗಿಯುವವರೆಗೆ ಕಾವಲು ಕೂರುವುದು ಇವರ ಕಸುಬು. ಕೆಳಗೆ ಮಲಗಿ ಬೋಲ್ಟು ತಿರುಗಿಸುವ ಖುಷಿಯೆಲ್ಲ ಮಾಲಕರದು, ಭಯವೆಲ್ಲ ಇವರದು. ವಾರಕ್ಕೆ ಐದಾರು ಮನೆ. ಎರಡು ಕಬ್ಬಿಣದ ಸ್ಟ್ಯಾಂಡು, ಒಂದು ಜಾಕ್, ಹಾರೆ, ಜಾಲಿ ಕಟ್ಟಿಗೆಯ ನಾಲ್ಕು ತುಂಡು, ಒಂದು ದಪ್ಪ ಹಲಗೆ; ಎಲ್ಲ ಸೇರಿ ಮೂವತ್ತೈದು ಕಿಲೋ ಭಾರ. ಮೊದಲ ಬಸ್ಸಿನ ಟಾಪಿಗೆ ಅದನ್ನು ಏರಿಸುವವರೂ ಇಳಿಸುವವರೂ ಇವರೇ.

"ನಾ ಅಂಜುಬುರುಕ ಅದೀನ್ರಿ," ಎಂದು ಕೇಳದೆಯೇ ಹೇಳುತ್ತಾರೆ. "ಅಂಜಿಕಿ ಇಲ್ಲದಾವ ಈ ಕೆಲಸಕ್ಕ ಬರಬಾರ್ದು."

ಫಿಯೆಟ್ಟಿನ ಹಿಂದಿನ ಬಲಗಾಲಿಯ ಹತ್ತಿರ ಹಾರೆಯ ಸದ್ದು ಬದಲಾಗುತ್ತದೆ. ಇಲ್ಲಿಯವರೆಗೆ ಗಟ್ಟಿಯಾಗಿ ಬರುತ್ತಿದ್ದದ್ದು ಈಗ ಡಬ್ ಎನ್ನುತ್ತದೆ. ಮಾಲತೇಶಪ್ಪ ಇನ್ನೊಮ್ಮೆ ಬಡಿಯುತ್ತಾರೆ. ಮತ್ತೆ ಡಬ್. ಹಾರೆ ಕೆಳಗಿಟ್ಟು ತಲೆ ಎತ್ತುತ್ತಾರೆ.

"ಇಲ್ಲೇನಿತ್ರಿ ಮದಲ?"

ವಕೀಲರು ತಲೆ ಕೆರೆದುಕೊಳ್ಳುತ್ತಾರೆ. ಉತ್ತರ ಬರುವುದು ಚಹಾ ಹಿಡಿದು ಹೊರಗೆ ಬಂದ ಅವರ ತಾಯಿ ಜಾನಕೀಬಾಯಿಯವರಿಂದ. "ಅಲ್ಲೇ ನಿಮ್ಮ ಅಜ್ಜಾರ ಹಗೇವು ಇತ್ತಲ್ಲೋ ಅಣ್ಣಾ! ಸಣ್ಣಾವಿದ್ದಾಗ ಇಣುಕಿ ನೋಡಲಿಕ್ಕೆ ಹೋಗಿ ಪೆಟ್ಟು ತಿಂದೀದಿ. ಮರತ್ಯಾ?"

ಈ ಕಡೆಯ ಹಳೆಯ ಮನೆಗಳಲ್ಲಿ ಜೋಳ ತುಂಬಿಡಲು ಅಂಗಳದಲ್ಲೇ ಆಳೆತ್ತರದ ಗುಂಡಿ ತೋಡುತ್ತಿದ್ದರು. ಅದೇ ಹಗೇವು. ಕಾಳು ತುಂಬುವುದು ನಿಂತ ಮೇಲೆ ಬಾಯಿಗೊಂದು ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಹಾಕಿ ಸಾರಿಸಿಬಿಟ್ಟರೆ ಒಂದು ತಲೆಮಾರಿನಲ್ಲಿ ಮರೆತೇ ಹೋಗುತ್ತದೆ. ಅದರ ಮೇಲೆ ಮಕ್ಕಳು ಕುಣಿಯುತ್ತವೆ, ಕಾರೂ ನಿಲ್ಲುತ್ತದೆ, ಏನೂ ಆಗುವುದಿಲ್ಲ. ಆದರೆ ನಾಲ್ಕು ಗಾಲಿ ಹಂಚಿಕೊಂಡಿದ್ದ ಭಾರದಲ್ಲಿ ಅರ್ಧಕ್ಕರ್ಧ, ಜಾಕ್ ಎತ್ತಿದಾಗ, ಅಂಗೈಯಗಲದ ಜಾಗಕ್ಕೆ ಬಂದು ಕೂರುತ್ತದೆ.

ಇದನ್ನು ಮಾಲತೇಶಪ್ಪ ಕಲಿತದ್ದು ಹನ್ನೊಂದು ವರ್ಷದ ಹಿಂದೆ, ಎಂಬತ್ತೊಂದರಲ್ಲಿ, ಗುತ್ತಲದ ಒಂದು ಮನೆಯ ಅಂಗಳದಲ್ಲಿ. ಆಗ ಅಣ್ಣ ಹನುಮಪ್ಪ ಮೇಸ್ತ್ರಿ, ಇವರು ಜೊತೆಗಾರ. ಅಂಬಾಸಿಡರ್ ಕಾರನ್ನು ಜಾಕ್ ಹಾಕಿ ಎತ್ತಿದವರು ಇವರೇ. ಅಣ್ಣ ಕೆಳಗೆ ಹೋದರು. ಮನೆಯವರು ಚಹಾಕ್ಕೆ ಕರೆದರು, ಇವರು ಒಳಗೆ ಹೋದರು.

"ಅಣ್ಣಗ ಹಾಡೋ ಚಟಾ ಇತ್ರಿ. ಪಡಸಾಲ್ಯಾಗ ಕುಂತ್ರೂ ಕೇಳತಿತ್ತು. ನಡುವ ಧಪ್ ಅಂತು, ಹಾಡು ನಿಂತ್ತು. ಯಾರೋ ಜ್ವಾಳದ ಚೀಲ ಒಗದ್ರು, ಅಣ್ಣ ಬಾಯಾಗ ನಟ್ ಹಿಡಕೊಂಡಿರಬೇಕು ಅನಕೊಂಡ್ನಿ. ಚಾ ಬಿಸಿ ಇತ್ತು. ಬಶ್ಯಾಗ ಹಾಕಿ, ಆರಿಸಿ, ಪೂರಾ ಕುಡದು ಎದ್ದೇನ್ರಿ."

ಹೊರಗೆ ಬಂದಾಗ ಜಾಕ್ ನೆಲದೊಳಗೆ ಹೋಗಿತ್ತು. ಕಾರು ಹನುಮಪ್ಪನವರ ಎದೆಯ ಮೇಲೆ ಕೂತಿತ್ತು.

ಸಾಸರಿನಲ್ಲಿ ಆರಿಸಿದ ಆ ಬಶಿ ಚಹಾ ಮಾಲತೇಶಪ್ಪನವರ ಗಂಟಲಲ್ಲಿ ಇವತ್ತಿಗೂ ಸಿಕ್ಕಿಕೊಂಡಿದೆ. ಬೇಗ ಎದ್ದಿದ್ದರೂ ಅಣ್ಣ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಇವರು ನಂಬಿಲ್ಲ. ಸಂಜೆ ಮನೆಗೆ ಹೋದಾಗ ಹೆಂಡತಿ ಹೊಳಿಯವ್ವ ಎಷ್ಟು ಗಳಿಸಿದಿರಿ ಎಂದು ಕೇಳುವುದಿಲ್ಲ. ಕೇಳುವುದು ಒಂದೇ ಮಾತು: "ಎಲ್ಲಾರೂ ಎದ್ದು ಬಂದ್ರಾ?"

ಅಣ್ಣಾಜಿಯವರ ಫಿಯೆಟ್ಟನ್ನು ಈಗ ಗೇಟಿನ ಬಳಿಯ ಬಂಡೆನೆಲಕ್ಕೆ ತಳ್ಳಲಾಗಿದೆ. ಅಲ್ಲೂ ಹಾರೆಯ ಪರೀಕ್ಷೆ ಆಗಿದೆ. ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ, ಸಾಕು ಬಿಡು ಎನ್ನುತ್ತಾರೆ ವಕೀಲರು.

"ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಗಾಲೀನ್ರಿ. ಹಿಂದಿನ ಗಾಲಿ ಗಾಳ್ಯಾಗ ಇದ್ದಾಗ ಅದು ಯಾರನ್ನ ಹಿಡೀಬೇಕು?"

ಮುಂದಿನ ಎರಡೂ ಗಾಲಿಗಳ ಹಿಂದೆ ಮುಂದೆ ಜಾಲಿ ತುಂಡುಗಳು ಬೀಳುತ್ತವೆ. ಮಾಲತೇಶಪ್ಪ ಕೀಲಿಕೈಯನ್ನು ತಮ್ಮ ಕಿಸೆಗೆ ಇಳಿಸುತ್ತಾರೆ. ಗಾಲಿಯ ನಟ್ಟುಗಳನ್ನು ಎತ್ತುವ ಮೊದಲೇ ಸಡಿಲಿಸುತ್ತಾರೆ. ಜಾಕಿನ ಬುಡಕ್ಕೆ ಹಲಗೆ. ಎತ್ತಿದ ಮೇಲೆ ಹಿಂದಿನ ಅಚ್ಚಿನ ಎರಡೂ ಬದಿಗೆ ಸ್ಟ್ಯಾಂಡು ಕೊಟ್ಟು ಭಾರವನ್ನು ಅವುಗಳ ಮೇಲೆ ಇಳಿಸುತ್ತಾರೆ. ಬಿಚ್ಚಿದ ಗಾಲಿಗಳನ್ನೂ ಬಾಡಿಯ ಕೆಳಗೆ ಮಲಗಿಸುತ್ತಾರೆ. ಎಲ್ಲ ಕೈಕೊಟ್ಟರೂ ಅಷ್ಟೆತ್ತರ ಉಳಿಯಬೇಕು. ಕೊನೆಗೆ ಸೊಂಟ ಕೊಟ್ಟು ಕಾರನ್ನು ಅಲುಗಾಡಿಸುತ್ತಾರೆ. ಕದಲುವುದಿಲ್ಲ. ಆದರೂ ಅವರ ಮುಖ ಸಡಿಲಾಗುವುದಿಲ್ಲ.

"ಕೆಳಗ ಹೋಗ್ರಿ. ಆದ್ರ ಮಾತಾಡ್ಕೋತ ಇರಬೇಕು. ಏನರ ಹೇಳ್ರಿ, ಬಾಯಿ ಮಾತ್ರ ನಿಂದರಬಾರ್ದು."

ವಕೀಲರಿಗೆ ಮಾತಿನ ಬರವೇ? ಸೈಲೆನ್ಸರಿನ ಕೊಂಡಿ ಬಿಚ್ಚುತ್ತ ಕಾಗಿನೆಲೆಯ ಹೊಲದ ಬದುವಿನ ಒಂದು ದಾವೆಯನ್ನು ಶುರು ಮಾಡುತ್ತಾರೆ. ಮಾಲತೇಶಪ್ಪ ಕಾರಿನ ಪಕ್ಕ ಕೂತು ಹೂಂಗುಟ್ಟುತ್ತಾರೆ. ಕಣ್ಣು ಸ್ಟ್ಯಾಂಡಿನ ಮೇಲೆ, ಕಿವಿ ಮಾತಿನ ಮೇಲೆ. ಜಾನಕೀಬಾಯಿ ಮತ್ತೆ ಕಾಸಿ ಇಟ್ಟ ಚಹಾ ಕಟ್ಟೆಯ ಮೇಲೆ ಹಬೆಯಾಡುತ್ತಿದೆ. ಮಾಲತೇಶಪ್ಪ ಅತ್ತ ನೋಡುವುದೂ ಇಲ್ಲ.

"...ಆವಾಗ ಎದುರಿನ ಪಾರ್ಟಿ ಸಾಕ್ಷಿ ಏನಂದಾ ಅಂದ್ರ..."

ಮಾತು ನಿಂತಿತು.

"ಏನಂದ್ರಿ?"

ಮಾಲತೇಶಪ್ಪ ಕಾರಿನ ಹತ್ತಿರ ಸರಿಯುತ್ತಾರೆ.

"ವಕೀಲ್ರ? ಓ ವಕೀಲ್ರ!"

ಸ್ಟ್ಯಾಂಡು ಇದ್ದಲ್ಲೇ ಇದೆ, ಕಾರು ಕದಲಿಲ್ಲ. ಅದು ಮಾಲತೇಶಪ್ಪನವರ ಕಣ್ಣಿಗೆ ಕಾಣುತ್ತಿದೆ. ಆದರೆ ಕಿವಿ ಗುತ್ತಲಕ್ಕೆ ಹೋಗಿಯಾಗಿದೆ. ಧಡಕ್ಕನೆ ಮಂಡಿಯೂರಿ, ವಕೀಲರ ಎರಡೂ ಕಾಲು ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊರಗೆಳೆಯುತ್ತಾರೆ. ಬನಿಯನ್ ಕಂಕುಳಿಗೇರಿ, ಬೆನ್ನು ತರಚಿ, ಕಣ್ಣುಕಣ್ಣು ಬಿಡುತ್ತ ಹೊರಬಂದ ಅಣ್ಣಾಜಿಯವರ ತುಟಿಗಳ ನಡುವೆ ಒಂದು ನಟ್ಟು.

ಅದನ್ನು ಉಗುಳಿ ರೇಗುತ್ತಾರೆ. "ತಲಿ ಕೆಟ್ಟದೇನು? ಬಾಯಾಗ ನಟ್ ಹಿಡದಿದ್ದೆ, ಅಷ್ಟ!"

ಮಾಲತೇಶಪ್ಪ ನೆಲಕ್ಕೆ ಕುಸಿದಿದ್ದಾರೆ. ಹಿಡಿದ ಕಾಲುಗಳನ್ನು ಇನ್ನೂ ಬಿಟ್ಟಿಲ್ಲ. ಜಾನಕೀಬಾಯಿ ಮಗನಿಗೆ ಸುಮ್ಮನಿರಲು ಸನ್ನೆ ಮಾಡುತ್ತಾರೆ.

"ನಟ್ ಕಿಸೇದಾಗ ಇಟ್ಕೋರಿ," ಎನ್ನುತ್ತಾರೆ ಮಾಲತೇಶಪ್ಪ. "ಬಾಯಾಗ ಬ್ಯಾಡ್ರಿ. ಕೈ ಮುಗಿತೇನಿ."

ವಕೀಲರು ಅವರನ್ನೇ ನೋಡುತ್ತಾರೆ. ನಟ್ಟನ್ನು ಒರೆಸಿ ಕಿಸೆಗೆ ಹಾಕಿಕೊಂಡು ಮತ್ತೆ ಕೆಳಗೆ ಸರಿಯುತ್ತಾರೆ. ದಾವೆ ನಿಂತಲ್ಲಿಂದ ಮುಂದುವರಿಯುತ್ತದೆ, ಈ ಸಲ ಬೀದಿಗೆಲ್ಲ ಕೇಳುವಷ್ಟು ಜೋರಾಗಿ.

ಗಾಲಿ ಹಾಕಿ, ಕಾರು ನೆಲಕ್ಕಿಳಿಸಿ, ಕೀಲಿಕೈ ಮಾಲಕರಿಗೆ ಕೊಡುವಾಗ ಬಿಸಿಲು ಅಂಗಳಕ್ಕೆ ಬಂದಿದೆ. ಮಾಲತೇಶಪ್ಪ ಈಗ ಕಟ್ಟೆಯ ಮೇಲಿನ ಕಪ್ಪಿಗೆ ಕೈ ಹಾಕುತ್ತಾರೆ. ಕೆನೆಗಟ್ಟಿ ತಣ್ಣಗಾಗಿದೆ. ಕಾಸಿ ಕೊಡುತ್ತೇನೆ ಎಂದು ಜಾನಕೀಬಾಯಿ ಏಳುತ್ತಾರೆ.

"ಬ್ಯಾಡ್ರಿ ಅವ್ವಾರ. ಹನ್ನೊಂದ್ ವರ್ಷಾತು, ಕೆಲಸದ ಮನ್ಯಾಗ ಬಿಸಿ ಚಾ ಕುಡದಿಲ್ಲ." ತಣ್ಣನೆಯ ಚಹಾವನ್ನು ಒಂದೇ ಗುಟುಕಿಗೆ ಇಳಿಸಿ, ಕಪ್ಪನ್ನು ಬೋರಲು ಹಾಕುತ್ತಾರೆ. "ಕೆಳಗ ಹೋದಾವ್ರು ಅಷ್ಟೂ ಮಂದಿ ತಮ್ಮ ಕಾಲ ಮ್ಯಾಲೆ ತಾವಽ ಎದ್ದು ಬಂದಾರ."

ಕಿಸೆಯ ನಟ್ಟನ್ನು ತಡವುತ್ತ, ತರಚಿದ ಬೆನ್ನನ್ನು ನೀವಿಕೊಳ್ಳುತ್ತ ಅಣ್ಣಾಜಿ ಹೇಳುತ್ತಾರೆ: "ನನ್ನ ಮಾತ್ರ ನೀನಽ ಎಳದು ತಗದಿ."

"ಹೌದ್ರಿ," ಎನ್ನುತ್ತಾರೆ ಮಾಲತೇಶಪ್ಪ. "ಹೊಳಿಯವ್ವಗ ಅದನ್ನೂ ಹೇಳತೇನಿ."