ಮಾವನ ಮನೆಯ ತಪ್ಪು ಗಡಿಯಾರಗಳು

ನನ್ನ ಸೋದರಮಾವನಿಗೆ ನಾವು ಮಕ್ಕಳೆಲ್ಲ ಸೇರಿ ‘ಮುಳ್ಳುಮಾವ’ ಎಂದು ಹೆಸರಿಟ್ಟಿದ್ದೆವು. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಗೋಡೆ ನೋಡುವ ಆಸಾಮಿ. ಗಡಿಯಾರ ಚೂರು ಹಿಂದೆ ಬಿದ್ದಿದ್ದರೂ ಕುರ್ಚಿ ಎಳೆದು, ಹತ್ತಿ, ಮುಳ್ಳು ತಿರುಗಿಸಿಯೇ ಇಳಿಯುತ್ತಿದ್ದ. “ಇವ್ರನ್ನ ಕಟ್ಕೊಂಡು ನಾನು ಒಂದಿನಾನೂ ನೆಮ್ಮದಿಯಾಗಿ ತಡ ಮಾಡಿಲ್ಲ” ಎಂದು ಅತ್ತೆ ಗೊಣಗುತ್ತಿದ್ದಳು.

ಅಂಗಡಿಗಳ ದೊಡ್ಡ ಕಟ್ಟಡವೊಂದರಲ್ಲಿ ಕ್ಯಾಮೆರಾಗಳನ್ನು ನೋಡಿಕೊಳ್ಳುವುದು ಮಾವನ ಕೆಲಸ. ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಕೋಣೆ, ಸದಾ ಗೊರಗುಟ್ಟುವ ಫ್ಯಾನು, ಎದುರಿಗೆ ಸಾಲು ಪರದೆಗಳು. ಒಂದು ಸಂಜೆ ಹಿಂದಿನ ಓಣಿಯಲ್ಲಿ, ಅದೇ ಕಟ್ಟಡದ ಟೈಲರ್‌ನ ಹೆಂಡತಿಗೆ ಕಾರೊಂದು ಗುದ್ದಿ ನಿಲ್ಲದೆ ಹೋಯಿತು. ಗಂಡನಿಗೆ ಚಹಾ ತರುತ್ತಿದ್ದಳು. ಯಾರೋ ನೋಡಿ ಅವನನ್ನು ಕರೆಯುವ ಹೊತ್ತಿಗೆ ಜೀವ ಹೋಗಿತ್ತು. ಗುದ್ದಿದ್ದನ್ನು ಕಣ್ಣಾರೆ ಕಂಡವರಿಲ್ಲ. ಮಾವನ ಕ್ಯಾಮೆರಾ ಮಾತ್ರ ಕಾರಿನ ನಂಬರನ್ನು ಹಿಡಿದಿತ್ತು.

ಆದರೆ ಆ ಕ್ಯಾಮೆರಾದ ಗಡಿಯಾರ ಅರ್ಧ ಗಂಟೆ ಹಿಂದಿತ್ತು. ಮಾವನ ಕೈ ಸುಮ್ಮನಿರಬೇಕಲ್ಲ. ಯಾರಿಗೂ ಗೊಂದಲ ಬೇಡವೆಂದು, ಪೊಲೀಸರಿಗೆ ಕೊಡುವ ಪ್ರತಿಯಲ್ಲಿ ಸಮಯವನ್ನು ಸರಿಪಡಿಸಿಬಿಟ್ಟ. ಎಲೆಕ್ಟ್ರಾನಿಕ್ ದಾಖಲೆ ಕೊಡುವವನು ‘ಇದರಲ್ಲಿ ಏನನ್ನೂ ಬದಲಾಯಿಸಿಲ್ಲ’ ಎಂದು ಸಹಿ ಹಾಕಬೇಕೆಂಬುದು ಕಾನೂನು. ಮಾವ ಅದಕ್ಕೂ ಸಹಿ ಹಾಕಿದ. ಸರಿಯಾದ ಸಮಯ ಹಾಕಿದರೆ ಅದು ಬದಲಾಯಿಸಿದಂತೆ ಹೇಗಾದೀತು ಎಂಬುದು ಅವನ ಲೆಕ್ಕ.

ಕೋರ್ಟಿನಲ್ಲಿ ಕಾರಿನವನ ವಕೀಲರು ಕೇಳಿದರು, “ಇದ್ರಲ್ಲಿ ಏನಾದ್ರೂ ಬದಲಾಯಿಸಿದ್ದೀರಾ?”

“ಟೈಮ್ ಒಂದನ್ನ ಸರಿ ಮಾಡ್ದೆ ಸಾರ್, ಅಷ್ಟೇ.”

ಅಷ್ಟೇ ಸಾಕಾಯಿತು. ಮೂಲವನ್ನು ತೋರಿಸೋಣವೆಂದರೆ ಅದನ್ನು ಅಳಿಸಿ ಯಂತ್ರ ಆಗಲೇ ಹೊಸ ದಿನಗಳನ್ನು ತುಂಬಿಕೊಂಡಿತ್ತು. ದಾಖಲೆ ಬಿದ್ದುಹೋಯಿತು, ಕಾರಿನವನು ಹೊರಬಂದ. ಕಾನೂನಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಾವನ ಮೇಲೆ ಆಗ ಅದಕ್ಕಿಂತ ಹೆಚ್ಚಿತ್ತು.

ಆಮೇಲೆ ಟೈಲರ್ ದಿನಾ ಅಂಗಡಿ ಮುಚ್ಚಿ ಹೋಗುವಾಗ ಓಣಿಯ ಕ್ಯಾಮೆರಾದ ಕೆಳಗೆ ನಿಂತು ತಲೆಯೆತ್ತಿ ನೋಡತೊಡಗಿದ. ಬೈಯುತ್ತಿರಲಿಲ್ಲ, ಕೈ ತೋರಿಸುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದ. ಪರದೆಯೊಳಗಿಂದ ಆ ಮುಖ ನೇರವಾಗಿ ಮಾವನನ್ನೇ ದಿಟ್ಟಿಸುತ್ತಿತ್ತು. ಆ ಹೊತ್ತಿಗೆ ಎದ್ದು ಹೊರಗೆ ಹೋಗಬಹುದಿತ್ತು, ಮಾವ ಹೋಗಲಿಲ್ಲ. ಮನೆಯಲ್ಲಿ ಆರಿಸಿಟ್ಟ ಟಿವಿಯಲ್ಲೂ ಅವನೇ ಕಾಣುತ್ತಾನೆ ಎನ್ನುತ್ತಿದ್ದ.

ಒಂದು ದಿನ ನಾನು ಊಟದ ಡಬ್ಬಿ ಕೊಡಲು ಹೋಗಿದ್ದಾಗ ಟೈಲರ್ ಆ ಕೋಣೆಗೇ ಬಂದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ಅಣ್ಣಾ, ಒಂದು ಕೇಳ್ಬೇಕಿತ್ತು. ನೀವು ಹಾಕಿದ್ದ ಟೈಮ್ ಸರಿ ತಾನೇ?”

ಮಾವ ಪರದೆಯಿಂದ ಕಣ್ಣು ತೆಗೆದು ಅವನತ್ತ ತಿರುಗಿದ.

“ಮೊದಲಿದ್ದ ಟೈಮೇ ಸರಿಯಾಗಿದ್ರೆ, ಆಗ ನಾನು ಗುಂಡಿ ತರೋಕೆ ಹೋಗಿದ್ದೆ. ನೀವು ಹಾಕಿದ್ದು ಸರಿಯಾದ್ರೆ ಅಂಗಡೀಲೇ ಇದ್ದೆ. ಗೋಡೆ ಆಚೆಗೇ ಅವಳು. ಮಿಷನ್ ಸದ್ದಲ್ಲಿ ನಂಗೆ ಕೇಳಿಸ್ಲಿಲ್ಲ ಅಂತಾಯ್ತು. ಕೂಗಿರ್ತಾಳೆ ಅಲ್ವಾ?”

ಮಾವನ ಬಾಯಲ್ಲಿ ಸುಳ್ಳು ಬಂದದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ನಮ್ಮನೇಲಿ ಒಂದು ಗಡಿಯಾರಾನೂ ಸರಿ ಇಲ್ಲಪ್ಪಾ,” ಎಂದ ಮಾವ. “ಅದನ್ನೇ ನೋಡಿ ವಾಚಿಗೆ ಟೈಮ್ ಇಟ್ಕೊಂಡಿದ್ದೆ, ವಾಚ್ ನೋಡಿ ಆ ಟೈಮ್ ಹಾಕ್ದೆ. ಮೊದಲಿದ್ದದ್ದೇ ಸರಿ. ನೀನು ಅಂಗಡೀಲಿ ಇರ್ಲಿಲ್ಲ.”

ಟೈಲರ್ ಅವನ ಮುಖ ನೋಡಿದ. ಆಮೇಲೆ ಟೇಪನ್ನು ಕೊರಳಿಂದ ತೆಗೆದು, ಸುತ್ತಿ ಜೇಬಿಗಿಟ್ಟುಕೊಂಡು ಹೋದ.

ಆ ಸಂಜೆ ಮಾವ ಮನೆಗೆ ಬಂದವನೇ ಕುರ್ಚಿ ಎಳೆದ. ನಡುಮನೆ, ಅಡುಗೆಮನೆ, ಮಲಗುವ ಕೋಣೆ ಎಲ್ಲ ಸುತ್ತಿ, ಒಂದೊಂದು ಗಡಿಯಾರಕ್ಕೂ ಒಂದೊಂದು ಸುಳ್ಳು ಸಮಯ ಇಟ್ಟ. ಅತ್ತೆ ದಂಗಾಗಿ ನೋಡುತ್ತಾ ನಿಂತಳು.

ಮಾವ ಕೆಲಸ ಬಿಟ್ಟು ವರ್ಷಗಳಾದವು. ಆ ಗಡಿಯಾರಗಳು ಅವನ ಜೀವ ಹಿಂಡುತ್ತವೆ, ಗೋಡೆಯ ಕಡೆಗೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಾನೆ. ಆ ಮಾತಾದ ಮೇಲೆ ಮನೆಗೆ ಬರತೊಡಗಿದ ಟೈಲರ್ ಈಗಲೂ ಅಂಗಿ ಕೊಡುವ ನೆಪದಲ್ಲಿ ಆಗಾಗ ಬರುತ್ತಾನೆ. ಕೂತು ನೀರು ಕುಡಿಯುತ್ತಾನೆ, ಗೋಡೆ ನೋಡುತ್ತಾನೆ, ತನ್ನ ವಾಚು ನೋಡಿಕೊಳ್ಳುತ್ತಾನೆ, ಹಗುರವಾಗಿ ಎದ್ದು ಹೋಗುತ್ತಾನೆ.

ಮೊನ್ನೆ ತಡೆಯಲಾರದೆ ಮುಳ್ಳು ಸರಿಪಡಿಸಲು ನಾನೇ ಕುರ್ಚಿ ಹತ್ತಿದೆ. ಮಾವ ಓಡಿಬಂದು ನನ್ನ ಕೈ ಹಿಡಿದುಕೊಂಡ.

“ಮುಟ್ಬೇಡ ಕಣೇ. ಅವನು ಇವತ್ತು ಬರ್ತಾನೆ.”