ಚಿಕ್ಕಪ್ಪ ಹೇಳಿದ ಸೀರಿಯಸ್ಸು

ಫೋನಿನಲ್ಲಿ ಚಿಕ್ಕಪ್ಪ ಹೇಳಿದ್ದು ಇಷ್ಟೇ ಎಂದು ನನ್ನ ನೆನಪು: "ನಿಮ್ ದೊಡ್ಡಮ್ಮುಂಗೆ ಸೀರಿಯಸ್ಸು ಕಣಪ್ಪ. ಒಂಟು ಬಂದ್ಬುಡು."

ನಾನು ಗುತ್ತಲಿನ ಮನೆಯಲ್ಲಿ ತಿಂಡಿಗೆ ಕೂತಿದ್ದೆ. ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ. ಅವ್ವ ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ನನ್ನನ್ನು ನಮ್ಮ ಹಳ್ಳಿ ಪೂರಿಗಾಲಿಯಲ್ಲಿ ಇಟ್ಟುಕೊಂಡು ಸಾಕಿದವಳು. ಅವಳನ್ನು ಜೀವಂತ ನೋಡುತ್ತೇನೋ ಇಲ್ಲವೋ ಎಂಬುದು ನನಗೆ ಆ ಕ್ಷಣವೇ ಗೊತ್ತಾಗಬೇಕಿತ್ತು.

"ಎಷ್ಟು ಸೀರಿಯಸ್ಸು ಚಿಕ್ಕಪ್ಪ?"

"ಸೀರಿಯಸ್ಸು ಅಂದ್ರೆ ಸೀರಿಯಸ್ಸು. ಅದ್ರಲ್ಲಿ ಎಷ್ಟು ಅಂತ ಬೇರೆ ಇದ್ದದಾ? ಬಾ ಮೊದ್ಲು."

ಈ ಪದಕ್ಕೆ ನಿಘಂಟಿನಲ್ಲಿ ಗಂಭೀರ, ಗಹನ, ತೀವ್ರ, ಚಿಂತಾಜನಕ ಎಂದೆಲ್ಲ ಇದೆ. ನಮ್ಮ ಮೇಷ್ಟರು "ಸೀರಿಯಸ್ಸಾಗಿರು" ಎಂದರೆ ಓದು ಎಂದರ್ಥ. ಹಾಸ್ಟೆಲಿನ ಗೆಳೆಯರು "ಸೀರಿಯಸ್ಸಾ?" ಎಂದರೆ ನಿಜವಾಗಲೂ ಎಂದು. ನನಗೆ ಹೆಣ್ಣು ಹುಡುಕುವಾಗ "ಹುಡುಗ ಬಲೇ ಸೀರಿಯಸ್ಸು" ಎಂದು ಯಾರೋ ಹೊಗಳಿದ್ದರಂತೆ. ಕುಡಿಯುವುದಿಲ್ಲ ಎಂದು ಹೊಗಳಿದವರ ಅರ್ಥ, ನಗುವುದಿಲ್ಲ ಎಂದು ಹೆಣ್ಣಿನ ಮನೆಯವರು ತಿಳಿದುಕೊಂಡರು. ಆಸ್ಪತ್ರೆಯಲ್ಲಾದರೆ ಆ ಪದಕ್ಕೆ ಇನ್ನೂ ಉಸಿರಿದೆ. ನಮ್ಮ ಕಡೆ ಫೋನಿನಲ್ಲಿ ಬಂದಾಗ ಉಸಿರು ನಿಂತಿದೆ. ಸಾವಿನ ಸುದ್ದಿಯನ್ನು ದೂರದಿಂದ ಬರಬೇಕಾದವರಿಗೆ ಫೋನಿನಲ್ಲಿ ಯಾರೂ ಹೇಳುವುದಿಲ್ಲ. ದಾರಿಯಲ್ಲಿ ಎದೆ ಒಡೆದುಕೊಂಡಾರು ಎಂದು ಸೀರಿಯಸ್ಸು ಅನ್ನುತ್ತಾರೆ. ಅದು ಎಲ್ಲರಿಗೂ ಗೊತ್ತಿರುವುದರಿಂದ ಕೇಳಿದವರು ಅಲ್ಲೇ ಅಳಲು ಶುರುಮಾಡುತ್ತಾರೆ. ಹಾಗಾದರೆ ನಿಜವಾಗಿ ಸೀರಿಯಸ್ಸಾದವರಿಗೆ ಯಾವ ಪದ? ಹುಷಾರಿಲ್ಲ ಎಂದರೆ ನೆಗಡಿ ಅಂದುಕೊಂಡು ಯಾರೂ ಬರುವುದಿಲ್ಲ.

"ಅಂದ್ರೆ, ಹೋಗ್ಬುಟ್ರಾ?" ಎಂದಳು ನನ್ನ ಹೆಂಡತಿ.

"ಗೊತ್ತಿಲ್ಲ."

"ಇನ್ನೊಂದ್ಸಲ ಕೇಳಿ."

"ಕೇಳಿದ್ರೆ ಹೇಳ್ತಾರಾ?"

ಮದ್ದೂರಿನಲ್ಲಿದ್ದ ಸೋದರತ್ತೆಗೆ ಫೋನು ಮಾಡಿದೆ. ಅವಳು ಚಿಕ್ಕಪ್ಪನ ಅಕ್ಕ. ಅವಳಿಗೂ ಅದೇ ಸುದ್ದಿ ಹೋಗಿತ್ತು.

"ಅತ್ತೆ, ಜೀವ ಅದ್ಯಾ?"

"ಏನ್ ಓದಿದ್ದೀಯ್ಲಾ ನೀನು? ಸೀರಿಯಸ್ಸು ಅಂದ್ಮೇಲೆ ಇನ್ನೆಲ್ಲಿ ಜೀವ? ಮದ್ದೂರ್ಗೆ ಬಾ, ಇಬ್ರೂ ಒಟ್ಗೆ ಓಗವ."

ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಅವಳ ಕೈಯಲ್ಲಿ ದೊಡ್ಡ ಪ್ಲಾಸ್ಟಿಕ್ ಕವರು, ಅದರೊಳಗೆ ಆಳುದ್ದದ ಸೇವಂತಿಗೆ ಹಾರ. ಮಳವಳ್ಳಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡಮ್ಮ ಎಷ್ಟು ಒಳ್ಳೆಯವಳಾಗಿದ್ದಳು, ಅವಳ ಕೈಯ ಬಸ್ಸಾರು ಹೇಗಿರುತ್ತಿತ್ತು ಎಂದು ಹೇಳಿಕೊಂಡು ಅತ್ತಳು. ನಾನು ಅಳಬೇಕೋ ಹರಕೆ ಹೊರಬೇಕೋ ತಿಳಿಯದೆ ಕಿಟಕಿಯಾಚೆ ನೋಡುತ್ತಿದ್ದೆ.

ಪೂರಿಗಾಲಿಯಲ್ಲಿ ಆಟೋ ಇಳಿದಾಗ ಮನೆ ಮುಂದೆ ಬೆಂಕಿ ಹಾಕಿರಲಿಲ್ಲ. ಬೆಂಚುಗಳಿರಲಿಲ್ಲ. ಅತ್ತೆ ಅಳು ನಿಲ್ಲಿಸಿ ಕವರನ್ನು ನನ್ನ ಕೈಗೆ ತುರುಕಿದಳು.

ದೊಡ್ಡಮ್ಮ ನಡುಮನೆಯ ಮಂಚದ ಮೇಲೆ ಒರಗಿದ್ದಳು. ಮುಖ ಬತ್ತಿತ್ತು. ಕಣ್ಣು ಮಾತ್ರ ನೆಟ್ಟಗೆ ಕವರಿನ ಮೇಲೆ.

"ಏನ್ಲಾ, ಕೆಲ್ಸಕ್ಕೆ ಓಗ್ನಿಲ್ವಾ?" ಎಂದಳು. ಆಮೇಲೆ, "ಊವ ಯಾರ್ಗೆ?"

"ದೇವ್ರಿಗೆ ಕಣಕ್ಕ," ಎಂದಳು ಅತ್ತೆ.

"ಇಷ್ಟುದ್ದ ದೇವ್ರು ಯಾವ್ದು?"

"ಮುತ್ತತ್ತಿ ಆಂಜನೇಯ."

"ಅಂಗಾರೆ ಒಣಗೋಕ್ ಮುಂಚೆ ಓಗ್ಬುಟ್ ಬನ್ನಿ."

ನಾವು ಹೋದೆವು. ಹೊಳೆಯ ಕಲ್ಲುಗಳ ಮೇಲೆ ಕೂತ ಕೋತಿಗಳು, ಹಾರ ಹಿಡಿದುಕೊಂಡು ಅತ್ತೆ ಅವುಗಳನ್ನು ಬೈದದ್ದು, ಎಲ್ಲ ನನ್ನ ಕಣ್ಣ ಮುಂದಿದೆ. ಆದರೆ ಅತ್ತೆ ಈಗ ಹೇಳುವುದೇ ಬೇರೆ: "ಮುತ್ತತ್ತಿಗೆ ಯಾವಾಗ್ ಓಗಿದ್ವು? ಅದ್ನ ನಾಲೆಗೆ ಬುಟ್ಟು ಬಂದ್ವಲ್ಲೋ." ಕೋತಿಗಳನ್ನು ನಾನು ಬೇರೆ ಯಾವುದೋ ಪ್ರಯಾಣದಿಂದ ತಂದು ಸೇರಿಸಿಕೊಂಡಿರಬಹುದು. ಊಟದ ಹೊತ್ತಿಗೆ ವಾಪಸ್ಸಾಗಿದ್ದೆವು ಎಂದು ಹೆಂಡತಿಗೆ ಆವತ್ತು ಫೋನಿನಲ್ಲಿ ಹೇಳಿದ್ದೆನಂತೆ. ಅಷ್ಟರಲ್ಲಿ ಮುತ್ತತ್ತಿಗೆ ಹೋಗಿಬರಲು ಆಗುವುದಿಲ್ಲ.

ಇದು ಇಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯುತ್ತಿದ್ದೆ. ಕೆಲವು ತಿಂಗಳ ಮೇಲೆ ಅದೇ ಚಿಕ್ಕಪ್ಪನ ಫೋನು, ಅದೇ ಪದ. ಈ ಸಲ ಯಾರೂ ಹಾರ ತರಲಿಲ್ಲ. ಅತ್ತೆ, "ಕೋಳಿಗ್ ಕಾಳ್ ಹಾಕ್ಬುಟ್ಟು ನಿಧಾನಕ್ಕೆ ಬತ್ತೀನಿ, ನೀವ್ ನಡೀರಿ," ಎಂದಳು. ನಾನು ಹೆಂಡತಿಯೊಡನೆ ಹೋದೆ.

ನನಗೆ ನೆನಪಿರುವುದು: ದೊಡ್ಡಮ್ಮ ಅದೇ ಮಂಚದ ಮೇಲೆ. ಯಾರೋ ನನ್ನ ಕೈಗೆ ಚಮಚ ಕೊಟ್ಟರು. ಬಾಯಿಗೆ ನೀರು ಬಿಟ್ಟೆ, ಗಂಟಲು ಆಡಿತು. ಅವಳ ಕೈ ನನ್ನ ಬೆರಳನ್ನು ಹಿಡಿಯಿತು. ಬೆಚ್ಚಗಿತ್ತು.

ಹೆಂಡತಿಗೆ ನೆನಪಿರುವುದು: ನಾವು ಹೋದಾಗ ಕೈ ತಣ್ಣಗಿತ್ತು. ಬೆರಳು ಹಿಡಿದದ್ದು ಹಿಂದಿನ ಸಲದ್ದು. ಆಗ ಮನೆಗೆ ಬಂದು ನಾನೇ ಅವಳಿಗೆ ಅದನ್ನು ಹೇಳಿದ್ದೆನಂತೆ.

ನಾನು ಇತಿಹಾಸ ಓದಿದವನು. ಒಂದು ಘಟನೆಗೆ ಒಂದಕ್ಕೊಂದು ಒಪ್ಪದ ಎರಡು ಸಾಕ್ಷಿ ಬಂದರೆ ಮೂರನೆಯದನ್ನು ಹುಡುಕಬೇಕೆಂದು ಕಲಿಸಿದ್ದರು. ಆ ನೀರು ಅವಳಿಗೆ ಮುಟ್ಟಿತೋ ಇಲ್ಲವೋ ತಿಳಿಯದೆ ನನಗೆ ಅನ್ನ ಸೇರುತ್ತಿರಲಿಲ್ಲ. ಸಮಾಧಿಗೆ ಹಾಲುತುಪ್ಪ ಬಿಟ್ಟ ದಿನ ಜಗಲಿಯ ಮೇಲೆ ಚಿಕ್ಕಪ್ಪ ಒಬ್ಬನೇ ಸಿಕ್ಕಿದ.

"ಚಿಕ್ಕಪ್ಪ, ನಾನ್ ಬಂದಾಗ ದೊಡ್ಡಮ್ಮಂಗೆ ಜೀವ ಇತ್ತಾ?"

"ಇತ್ತು ಕಣಪ್ಪ. ನೀನ್ ಬರಗಂಟ ತಡ್ಕಂಡಿತ್ತು. ನೀನ್ ನೀರ್ ಬುಟ್ಟೆ, ಓಯ್ತು."

ಅಷ್ಟು ಸಾಕಿತ್ತು. ಎದೆ ಹಗುರಾಗಿ ಒಳಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಾಲ್ಕಾರು ಹೆಂಗಸರ ನಡುವೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

"ನಾನ್ ಬರಗಂಟ ಇತ್ತಂತೆ ಕಣಮ್ಮ. ನಾನ್ ಒಳೀಕ್ ಬಂದೆ, ನನ್ ಮೊಕ ನೋಡ್ಬುಟ್ಟು ಕಣ್ ಮುಚ್ಚುದ್ಲಂತೆ. ನಂಗೆ ಗಾಬ್ರೀಲಿ ಏನೂ ಕಾಣ್ನಿಲ್ಲ. ನನ್ ತಮ್ಮ ಏಳ್ದ."

ಆವತ್ತು ಅತ್ತೆ ಬಂದಾಗ ದೊಡ್ಡಮ್ಮನ ಹೆಣವನ್ನು ಆಗಲೇ ಹೊರಗೆ ತಂದು ಕೂರಿಸಿದ್ದರು. ಇದೊಂದು ನನಗೆ ಖಂಡಿತ ನೆನಪಿದೆ. ಅತ್ತೆ ತಲೆಯೆತ್ತಿ ನನ್ನನ್ನು ಕಂಡಳು.

"ನೀನೂ ಅಲ್ಲೇ ಇದ್ದಲ್ಲ. ಏಳ್ಲಾ ಇವ್ರಿಗೆ."

ಹೆಂಗಸರೆಲ್ಲ ನನ್ನ ಕಡೆ ನೋಡಿದರು.

"ಹೂಂ ಅತ್ತೆ," ಎಂದೆ, "ನೀನ್ ಬರಗಂಟ ಇತ್ತು."